ಅಭ್ಯರ್ಥಿ ಸಂಖ್ಯೆ ಏಳು

ಹೈದರಾಬಾದಿನ ಹಿಮಾಯತ್‌ನಗರದಲ್ಲಿ, ಒಂದು ಔಷಧದ ಅಂಗಡಿಯ ಮೇಲಿನ ಎರಡು ಅಂತಸ್ತುಗಳಲ್ಲಿ ನಡೆಯುತ್ತಿದ್ದ ದಖ್ಖನ್ ಬಹುಭಾಷಾ ಬಾನುಲಿ ನಿಲಯದಲ್ಲಿ ಕನ್ನಡ ಬಲ್ಲವರು ಯಾರೂ ಇರಲಿಲ್ಲ. ಇದು ೧೯೮೧ನೇ ಇಸವಿಯ ಸಿಬ್ಬಂದಿ ಪಟ್ಟಿಯಿಂದ ಸ್ಪಷ್ಟವಾಗುತ್ತದೆ. ಅದೇ ನಿಲಯದಿಂದ ಪ್ರತಿದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಅರ್ಧ ಗಂಟೆಯ ಕನ್ನಡ ಕಾರ್ಯಕ್ರಮ ಪ್ರಸಾರವಾಗುತ್ತಿತ್ತು. ಇದು ಹೇಗೆ ಸಾಧ್ಯ ಎಂದು ಯಾರೂ ಕೇಳಿರಲಿಲ್ಲ, ಏಕೆಂದರೆ ಹಾಗೆ ಕೇಳಲು ಬೇಕಾದ ನಮೂನೆ ಇನ್ನೂ ಮುದ್ರಣವಾಗಿ ಬಂದಿರಲಿಲ್ಲ.

ಕಾರ್ಯಕ್ರಮವನ್ನು ನಡೆಸುತ್ತಿದ್ದವರು ಸುಹಾಸಿನಿ. ಹನ್ನೊಂದು ವರ್ಷಗಳಿಂದ ಅವರು ಅಲ್ಲಿ ಅರೆಕಾಲಿಕ ಉದ್ಘೋಷಕಿ. ಅರೆಕಾಲಿಕರು ಸಿಬ್ಬಂದಿಯಲ್ಲ, ಆದ್ದರಿಂದ ಪಟ್ಟಿಯಲ್ಲಿಲ್ಲ. ಕೂಕಟ್‌ಪಲ್ಲಿಯ ಹೌಸಿಂಗ್ ಬೋರ್ಡ್ ಕಾಲೊನಿಯಿಂದ ಎರಡು ಬಸ್ಸು ಬದಲಿಸಿ ಬಂದು, ಅರ್ಧ ಗಂಟೆ ಓದಿ, ಮತ್ತೆ ಎರಡು ಬಸ್ಸು ಬದಲಿಸಿ ಮನೆಗೆ ಹೋಗುತ್ತಿದ್ದರು. ಪ್ರಯಾಣದ ದೃಷ್ಟಿಯಿಂದ ನೋಡಿದರೆ ಅವರದು ಪೂರ್ಣಾವಧಿ ಕೆಲಸವೇ ಆಗಿತ್ತು.

ಅವರಿಗೆ ಇದ್ದ ಕೊರಗು ಒಂದೇ. ನಿಲಯದ ಒಂಬತ್ತನೆಯ ನಿಯಮದ ಪ್ರಕಾರ ಅರೆಕಾಲಿಕರು ಪ್ರಸಾರದಲ್ಲಿ ತಮ್ಮ ಹೆಸರು ಹೇಳುವಂತಿಲ್ಲ. ಹೆಸರು ಹೇಳಿದರೆ ಕೇಳುಗರಿಗೆ ಸಲಿಗೆ ಬೆಳೆದು, ಮುಂದೆ ಅವರನ್ನು ಕೆಲಸದಿಂದ ಬಿಡಿಸುವಾಗ ಮನಸ್ಸಿಗೆ ನೋವಾಗುತ್ತದೆ ಎಂಬುದು ನಿಯಮ ಬರೆದವರ ಕಾಳಜಿ. ಹೆಸರು ಹೇಳುವ ಹಕ್ಕು ಪೂರ್ಣಾವಧಿಯವರಿಗೆ ಮಾತ್ರ. ಹನ್ನೊಂದು ವರ್ಷ ಸುಹಾಸಿನಿ ಊರಿಗೆಲ್ಲ ನಮಸ್ಕಾರ ಹೇಳಿದ್ದರು, ಯಾರು ಹೇಳಿದ್ದೆಂದು ಊರಿಗೆ ತಿಳಿದಿರಲಿಲ್ಲ.

ಕಾಲೊನಿಯ ಕನ್ನಡ ಮಹಿಳಾ ಮಂಡಳಿಯಲ್ಲಂತೂ ಇದು ದೊಡ್ಡ ವಿವಾದವೇ ಆಗಿತ್ತು. ಸುಹಾಸಿನಿಯ ಅತ್ತೆ ಸುಂದರಾಬಾಯಿಯವರು ರೇಡಿಯೋದ ದನಿ ತಮ್ಮ ಸೊಸೆಯದೆಂದು ಹೇಳುತ್ತಿದ್ದರು. ಎದುರು ಮನೆಯ ಶಾಮಲಾ ಅದನ್ನು ಒಪ್ಪುತ್ತಿರಲಿಲ್ಲ. ಅದು ಹುಬ್ಬಳ್ಳಿಯಲ್ಲಿರುವ ತಮ್ಮ ಚಿಕ್ಕಪ್ಪನ ಮಗಳ ದನಿ ಎಂದು ಅವರ ವಾದ.

"ಒಮ್ಮೆ ಹೆಸರು ಹೇಳವಾ ನಮ್ಮವ್ವಾ, ಒಂದ ಸಲ," ಎಂದು ಸುಂದರಾಬಾಯಿ ಸೊಸೆಯನ್ನು ಬೇಡಿಕೊಳ್ಳುತ್ತಿದ್ದರು. "ಆ ಶಾಮಲಾನ ಬಾಯಿ ಮುಚ್ಚಲಿ."

"ನಿಯಮ ಐತ್ರಿ ಅತ್ಯಾರ."

"ನಿಯಮಕ್ಕೇನ್ ಹೆಸರು ಇಲ್ಲೇನ? ಒಂಬತ್ತ ಅಂತ ಅದಕ್ಕೂ ಹೆಸರಿಟ್ಟಾರ. ನಿನಗ ಅದೂ ಇಲ್ಲ."

ಇಂಥ ಸಂದರ್ಭದಲ್ಲಿ, ಮಾರ್ಚ್ ತಿಂಗಳ ಮೊದಲ ವಾರ, ಪ್ರಧಾನ ಕಚೇರಿಯಿಂದ ಒಂದು ಆದೇಶ ಬಂತು. ಕನ್ನಡ ವಿಭಾಗಕ್ಕೆ ಒಂದು ಪೂರ್ಣಾವಧಿ ಹುದ್ದೆ ಮಂಜೂರಾಗಿದೆ. ಅರೆಕಾಲಿಕರು ಅರ್ಜಿ ಹಾಕಬಹುದು. ಮಾರ್ಚ್ ಮೂವತ್ತೊಂದಕ್ಕೆ ಮೂವತ್ತೈದು ವರ್ಷ ಮೀರಿರಬಾರದು. ಸುಹಾಸಿನಿಗೆ ಏಪ್ರಿಲ್ ಎರಡಕ್ಕೆ ಮೂವತ್ತೈದು ಮುಗಿಯುತ್ತಿತ್ತು. ಈ ವರ್ಷ ತಪ್ಪಿದರೆ ಆಮೇಲೆ ಹೆಸರಿನ ಆಸೆ ಬಿಡಬೇಕು. ಸುಹಾಸಿನಿ ಆ ರಾತ್ರಿ ನಿದ್ದೆ ಮಾಡಲಿಲ್ಲ, ಮರುದಿನ ಅರ್ಜಿ ಹಾಕಿದರು.

ನಿಲಯದ ಆಡಳಿತಾಧಿಕಾರಿ ದತ್ತಾತ್ರೇಯರಾಯರು ಅರ್ಜಿಯನ್ನು ಮೂರು ಸಲ ಓದಿದರು. ರಾಯರು ಬೀದರದವರು. ಮನೆಯಲ್ಲಿ ಹೆಂಡತಿ, ಮಕ್ಕಳು, ಕೆಲಸದವಳ ಜೊತೆಗೂ ಕನ್ನಡವೇ. ಆದರೆ ನೌಕರಿಗೆ ಸೇರುವಾಗ ಮಾತೃಭಾಷೆ ಎಂಬಲ್ಲಿ ತೆಲುಗು ಎಂದು ಬರೆಸಿದ್ದರು. ಹಾಗೆ ಬರೆಸಿದರೆ ಹೈದರಾಬಾದು ಬಿಟ್ಟು ವರ್ಗ ಮಾಡುವುದಿಲ್ಲ ಎಂದು ಯಾರೋ ಹೇಳಿದ್ದರಂತೆ. ಅಂದಿನಿಂದ ಕಚೇರಿಯ ಹತ್ತರಿಂದ ಐದರವರೆಗೆ ಅವರಿಗೆ ಕನ್ನಡ ಬರುತ್ತಿರಲಿಲ್ಲ.

"ಅರ್ಜಿ ಛಲೋ ಐತಿ, ಸುಹಾಸಿನಿಬಾಯಿ," ಎಂದರು ರಾಯರು. "ಆದರ ಧ್ವನಿ ಪರೀಕ್ಷಾ ಆಗಬೇಕು. ಪರೀಕ್ಷಾ ಕನ್ನಡ ಬಲ್ಲವರು ಮಾಡಬೇಕು. ನನಗ ಕನ್ನಡ ಬರೂದಿಲ್ಲ."

"ಹೌದ್ರಿ ಸಾಹೇಬ್ರ, ಗೊತ್ತೈತ್ರಿ," ಎಂದರು ಸುಹಾಸಿನಿ.

"ಒಂದಕ್ಷರಾನೂ ತಿಳಿಯೂದಿಲ್ಲ ನೋಡ್ರಿ. ನಮ್ಮ ತಾಯಿಯವರು ಕಡೀತನಕ ಅದಕ್ಕ ಭಾಳ ಬ್ಯಾಸರ ಮಾಡ್ಕೋತಿದ್ರು."

"ಬಂಡೆಪ್ಪನವರಿಗೆ ಬರ್ತದಲ್ರಿ?"

ಬಂಡೆಪ್ಪನವರು ಧ್ವನಿಮುದ್ರಣ ಯಂತ್ರ ನೋಡಿಕೊಳ್ಳುತ್ತಿದ್ದವರು, ಹುಮನಾಬಾದದವರು. ಅವರ ಸೇವಾ ಪುಸ್ತಕ ತರಿಸಿ ನೋಡಲಾಗಿ, ಮಾತೃಭಾಷೆಯ ಜಾಗದಲ್ಲಿ ಶಾಯಿ ಚೆಲ್ಲಿತ್ತು. "ನಾ ಏನ್ ಮಾತಾಡ್ತೀನಿ ಅಂಬೂದು ನನಗೂ ಗೊತ್ತಿಲ್ರಿ," ಎಂದು ಬಂಡೆಪ್ಪನವರು ಲಿಖಿತ ಹೇಳಿಕೆ ಕೊಟ್ಟರು. ವಿಶ್ವವಿದ್ಯಾಲಯದಿಂದ ಒಬ್ಬ ಪ್ರಾಧ್ಯಾಪಕರನ್ನು ಕರೆಸಬಹುದಿತ್ತು, ಆದರೆ ಹೊರಗಿನವರು ಬರಬೇಕಾದರೆ ನಿಲಯದ ಭಾಷಾ ತಜ್ಞರು ಒಪ್ಪಬೇಕು. ಕನ್ನಡದ ಭಾಷಾ ತಜ್ಞರು ಯಾರೆಂದು ಕಡತ ತೆಗೆದು ನೋಡಿದರೆ, ಏಳು ವರ್ಷಗಳ ಹಿಂದೆ ಒಂದು ಮದುವೆ ಕರೆಯೋಲೆ ಓದಿಸುವ ಸಲುವಾಗಿ ಸುಹಾಸಿನಿಯವರನ್ನೇ ಆ ಹುದ್ದೆಗೆ ನೇಮಿಸಲಾಗಿತ್ತು. ಆಮೇಲೆ ರದ್ದು ಮಾಡಲು ಎಲ್ಲರೂ ಮರೆತಿದ್ದರು.

ರಾಯರ ಮುಖ ಅರಳಿತು. "ತಜ್ಞರು ಮನ್ಯಾಗ ಇದ್ದಾರಲ್ಲ! ಹೊರಗ ಯಾಕ ಹುಡುಕಾಕತ್ತೀವಿ?"

ಹೀಗೆ ಸುಹಾಸಿನಿಯವರ ಧ್ವನಿಯನ್ನು ಸುಹಾಸಿನಿಯವರೇ ಪರೀಕ್ಷಿಸಬೇಕೆಂದು ತೀರ್ಮಾನವಾಯಿತು. ಇದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ. ತಪ್ಪು ಕಾಣಬೇಕಾದವರು ತಜ್ಞರೇ ಆಗಿದ್ದರು.

ಪರೀಕ್ಷೆ ಅತ್ಯಂತ ಗೋಪ್ಯವಾಗಿ ನಡೆಯಿತು. ಅಭ್ಯರ್ಥಿಗಳಿಗೆ ಹೆಸರಿನ ಬದಲು ಸಂಖ್ಯೆ ಕೊಡಬೇಕು. ಒಂದರಿಂದ ಆರರವರೆಗಿನ ಸಂಖ್ಯೆಗಳನ್ನು ಮೇಲಿನಿಂದ ಶಿಫಾರಸು ಹಿಡಿದು ಬರಬಹುದಾದವರಿಗೆ ಕಾಯ್ದಿರಿಸಿದ್ದರಿಂದ ಸುಹಾಸಿನಿಗೆ ಏಳು ಬಂತು. ಓದುವ ಬರಹವನ್ನು ಅಭ್ಯರ್ಥಿ ಮೊದಲೇ ನೋಡಿರಬಾರದು, ಮತ್ತು ಬರಹವನ್ನು ತಜ್ಞರೇ ಬರೆಯಬೇಕು. ಸುಹಾಸಿನಿ ಸೋಮವಾರ ತಜ್ಞೆಯಾಗಿ ಬಂದು ಬರೆದು, ಲಕೋಟೆಗೆ ಅರಗು ಹಾಕಿ ಕೊಟ್ಟರು. ಬುಧವಾರ ಅಭ್ಯರ್ಥಿಯಾಗಿ ಬಂದು ಅರಗು ಒಡೆದರು. ನಡುವಿನ ಮಂಗಳವಾರವನ್ನು ಮರೆಯುವುದಕ್ಕೆಂದು ಬಿಡಲಾಗಿತ್ತು.

"ನಮಸ್ಕಾರ. ನಾನು ಅಭ್ಯರ್ಥಿ ಸಂಖ್ಯೆ ಏಳು," ಎಂದು ಅವರು ಓದಿದರು. "ಇಂದು ಆಕಾಶ ನಿರ್ಮಲವಾಗಿದ್ದು ಮಳೆಯ ಸಂಭವವಿಲ್ಲ. ಊರಿನ ನೂತನ ಸೇತುವೆಯನ್ನು ಮಾನ್ಯ ಜಿಲ್ಲಾಧಿಕಾರಿಗಳು ಇಂದು ಬೆಳಿಗ್ಗೆ ಉದ್ಘಾಟಿಸಿದರು. ಈಗ ವೀಣಾವಾದನ." ಬಂಡೆಪ್ಪನವರು ಅದನ್ನು ಟೇಪಿಗೆ ಇಳಿಸಿಕೊಂಡರು. ಗ್ರಾಮಫೋನ್ ತಟ್ಟೆಯಿಂದ ವೀಣೆಯನ್ನೂ ಇಪ್ಪತ್ತೆಂಟು ನಿಮಿಷ ಇಳಿಸಿದರು, ಯಂತ್ರವನ್ನು ಅರ್ಧ ಗಂಟೆಗಿಂತ ಮೊದಲು ನಿಲ್ಲಿಸಿ ಅವರಿಗೆ ರೂಢಿಯಿರಲಿಲ್ಲ.

ಗುರುವಾರ ತಜ್ಞೆಯ ಸರದಿ. ಅಭ್ಯರ್ಥಿಯ ಮುಖ ಕಾಣದಿರಲೆಂದು ಪರದೆ ಕಟ್ಟಿದ್ದರು. ಪರದೆಯಾಚೆ ಟೇಪು, ಈಚೆ ಸುಹಾಸಿನಿ. ಟೇಪು ಹಾಕುವ ಮೊದಲು ರಾಯರು ಒಂದು ಮುಚ್ಚಳಿಕೆ ಮುಂದಿಟ್ಟರು. 'ಈ ಅಭ್ಯರ್ಥಿಯ ಪರಿಚಯ ನನಗೆ ಇರುವುದಿಲ್ಲ' ಎಂದು ಅದರಲ್ಲಿ ಬರೆದಿತ್ತು.

ಸುಹಾಸಿನಿಯ ಪೆನ್ನು ನಿಂತಿತು. ಅವರು ಶಾಲಾ ಮಾಸ್ತರರ ಮಗಳು, ಸುಳ್ಳಿಗೆ ಸಹಿ ಹಾಕಿದವರಲ್ಲ.

"ಇದಕ್ಕ ಹೆಂಗ ಸಹಿ ಮಾಡ್ಲಿ ಸಾಹೇಬ್ರ? ಆಕಿ ನಾನ ಅಲ್ರಿ?"

"ಹನ್ನೊಂದು ವರ್ಷ ಆತು ನೀವು ಇಲ್ಲಿಗೆ ಬರಾಕತ್ತಿ," ಎಂದರು ರಾಯರು ಮೆಲ್ಲಗೆ. "ಇಲ್ಲಿ ಯಾರಿಗರ ನಿಮ್ಮ ಪರಿಚಯ ಐತೇನು? ಪಟ್ಟಿಯೊಳಗ ಐತೇನು? ಇಡೀ ಊರಿಗೆ ಇಲ್ಲದ ಪರಿಚಯ ನಿಮಗೊಬ್ಬರಿಗೇ ಐತಿ ಅಂದ್ರ ಯಾರು ನಂಬ್ತಾರ?"

ರಾಯರು ಚುಚ್ಚಲು ಹೇಳಿದ್ದಲ್ಲ, ದಾಖಲೆ ನೋಡಿ ಹೇಳಿದ್ದು. ಸುಹಾಸಿನಿ ಮುಚ್ಚಳಿಕೆಯನ್ನು ಇನ್ನೊಮ್ಮೆ ಓದಿದರು. ಅವರು ಸಹಿ ಹಾಕಿದರು.

ಟೇಪು ಕೇಳಿ, ನೂರಕ್ಕೆ ಅರವತ್ತೆರಡು ಅಂಕ ಕೊಟ್ಟರು. ಅರವತ್ತಕ್ಕೆ ಪಾಸು. "ಸೇತುವೆ ಎಂಬ ಮಾತಿನ ಬಳಿ ಉಸಿರು ಎಳೆದದ್ದು ಕೇಳಿಸುತ್ತದೆ, ತಿದ್ದಿಕೊಳ್ಳತಕ್ಕದ್ದು" ಎಂದು ಷರಾ ಬರೆದರು. ಸಂಜೆ ಇದನ್ನು ಕೇಳಿ ಸುಂದರಾಬಾಯಿ ತಲೆ ಮೇಲೆ ಕೈ ಹೊತ್ತು ಕೂತರು.

"ಅರವತ್ತೆರಡು! ಮಂದಿ ಮಕ್ಕಳಿಗಾದ್ರ ತೊಂಬತ್ತು ಕೊಡಾಕಿ ನೀ. ಸ್ವಂತದಾಕಿಗೆ ಕೊಡಾಕ ಕೈ ಹಿಂದ ಬಂತೇನ?"

"ಉಸಿರು ಕೇಳಸ್ತಿತ್ರಿ ಅತ್ಯಾರ."

"ಜೀವಂತ ಇದ್ದವರದು ಕೇಳಸ್ತದ!"

ಫಲಿತಾಂಶ ಮೂವತ್ತನೆಯ ತಾರೀಕು ಬಂತು. ಅಭ್ಯರ್ಥಿ ಸಂಖ್ಯೆ ಏಳು ಆಯ್ಕೆಯಾಗಿದ್ದರು. ಸುಂದರಾಬಾಯಿ ಕಾಲೊನಿಯಲ್ಲಿ ಮನೆಮನೆಗೆ ಪೇಢೆ ಹಂಚಿದರು. ನಾಡಿದ್ದು ಹನ್ನೊಂದು ಗಂಟೆಗೆ ಮಂಡಳಿಯವರೆಲ್ಲ ತಮ್ಮ ಮನೆಗೆ ಬಂದು, ಸೊಸೆ ಹೆಸರು ಹೇಳುವುದನ್ನು ಕಿವಿಯಾರೆ ಕೇಳಬೇಕೆಂದು ಕರೆದರು. ಶಾಮಲಾಗೆ ಎರಡು ಸಲ ಹೋಗಿ ಹೇಳಿಬಂದರು.

ಏಪ್ರಿಲ್ ಒಂದರಂದು ಸುಹಾಸಿನಿ ಹೊಸ ಇಳಕಲ್ ಸೀರೆಯುಟ್ಟು, ಹತ್ತಕ್ಕೆ ಸರಿಯಾಗಿ ನಿಲಯಕ್ಕೆ ಬಂದರು. ದಾರಿಯುದ್ದಕ್ಕೂ ಬಸ್ಸಿನಲ್ಲಿ ತುಟಿಯೊಳಗೇ ತಮ್ಮ ಹೆಸರು ಹೇಳಿಕೊಂಡು ಅಭ್ಯಾಸ ಮಾಡಿದ್ದರು. ಹನ್ನೊಂದಕ್ಕೆ ಐದು ನಿಮಿಷವಿರುವಾಗ ಸ್ಟುಡಿಯೋದ ಬಾಗಿಲು ತಳ್ಳಿದಾಗ ರಾಯರು ಅಡ್ಡ ಬಂದರು.

"ಎಲ್ಲಿಗ್ರಿ?"

"ಓದಾಕ್ರಿ."

"ನೀವೀಗ ಪೂರ್ಣಾವಧಿ," ಎಂದು ರಾಯರು ಗೌರವದಿಂದ ಹೇಳಿದರು. "ಇಪ್ಪತ್ತೊಂದನೇ ನಿಯಮ ನೋಡ್ರಿ. ಪೂರ್ಣಾವಧಿಯವರು ಮೇಲ್ವಿಚಾರಣೆ ಮಾಡಬೇಕು. ಮೈಕಿನ ಮುಂದ ಕೂಡೂದು ಅರೆಕಾಲಿಕರ ಕೆಲಸ."

ಆಗ ತಿಳಿದುಬಂದ ಸಂಗತಿಯೆಂದರೆ, ಹೆಸರು ಹೇಳುವ ಹಕ್ಕಿದ್ದವರು ಮೈಕಿನ ಬಳಿ ಹೋಗುವಂತಿರಲಿಲ್ಲ, ಮೈಕಿನ ಬಳಿ ಹೋಗುವವರಿಗೆ ಹೆಸರು ಹೇಳುವ ಹಕ್ಕಿರಲಿಲ್ಲ. ನಿಲಯ ಆರಂಭವಾದಾಗಿನಿಂದ ಅಲ್ಲಿಂದ ಯಾವ ಭಾಷೆಯಲ್ಲೂ ಯಾರ ಹೆಸರೂ ಕೇಳಿಬಂದಿರಲಿಲ್ಲ. ದಿನಕ್ಕೆ ಅರ್ಧ ಗಂಟೆ ಬಂದು ಹೋಗುತ್ತಿದ್ದ ಸುಹಾಸಿನಿಗೆ, ಪೂರ್ಣಾವಧಿಯವರು ದಿನವಿಡೀ ಏನು ಮಾಡುತ್ತಾರೆಂದು ತಿಳಿಯುವ ಸಂದರ್ಭವೇ ಬಂದಿರಲಿಲ್ಲ.

"ಹಂಗಾದ್ರ ಇವತ್ತು ಯಾರು ಓದ್ತಾರ್ರಿ?"

ಅರೆಕಾಲಿಕ ಹುದ್ದೆಯನ್ನೇ ಪೂರ್ಣಾವಧಿಗೆ ಏರಿಸಿದ್ದರಿಂದ ಕನ್ನಡಕ್ಕೆ ಅರೆಕಾಲಿಕರು ಯಾರೂ ಉಳಿದಿರಲಿಲ್ಲ. ರಾಯರು ಕಡತ ತಿರುವಿದರು. ಕನ್ನಡದಲ್ಲಿ, ತಜ್ಞರು ಕೇಳಿ ಒಪ್ಪಿದ ಧ್ವನಿ ನಿಲಯದಲ್ಲಿ ಒಂದೇ ಒಂದಿತ್ತು. ಹನ್ನೊಂದು ವರ್ಷ ಓದಿದ್ದ ಧ್ವನಿಗೆ ಯಾರ ಒಪ್ಪಿಗೆಯೂ ಸಿಕ್ಕಿರಲಿಲ್ಲ. ಬಂಡೆಪ್ಪನವರು ಟೇಪು ಹಾಕಿದರು.

ಕೂಕಟ್‌ಪಲ್ಲಿಯಲ್ಲಿ ಹದಿನಾಲ್ಕು ಜನ ಹೆಂಗಸರು ರೇಡಿಯೋದ ಸುತ್ತ ಉಸಿರು ಬಿಗಿಹಿಡಿದು ಕೂತಿದ್ದರು.

"ನಮಸ್ಕಾರ. ನಾನು ಅಭ್ಯರ್ಥಿ ಸಂಖ್ಯೆ ಏಳು."

ಆಕಾಶ ನಿರ್ಮಲವಾಗಿತ್ತು, ಸೇತುವೆ ಉದ್ಘಾಟನೆಯಾಯಿತು, ವೀಣೆ ಶುರುವಾಯಿತು. ಕೊನೆಗೆ ಶಾಮಲಾ ಗಂಟಲು ಸರಿಪಡಿಸಿಕೊಂಡರು.

"ನಮ್ಮ ಕಾಕಾನ ಮಗಳಿಗೆ ನಂಬರ್ ಇಲ್ಲವಾ. ಇದು ನಿಮ್ಮ ಸುಹಾಸಿನಿನ ಇರಬೇಕು."

ಹನ್ನೊಂದು ವರ್ಷಗಳ ವಿವಾದ ಹೀಗೆ ಬಗೆಹರಿಯಿತು. ಸಂಜೆ ಸುಹಾಸಿನಿ ಮನೆಗೆ ಬಂದು ಅಡುಗೆಮನೆಯಲ್ಲಿ ನಿಂತು ಅತ್ತರು. ತಮ್ಮ ದನಿಯನ್ನು ಸ್ಟುಡಿಯೋದ ಗಾಜಿನ ಈಚೆ ಕೂತು ಕೇಳುವುದು ಇಷ್ಟು ಕಷ್ಟವೆಂದು ಅವರಿಗೆ ಗೊತ್ತಿರಲಿಲ್ಲ. ಸುಂದರಾಬಾಯಿ ಸೆರಗಿನಿಂದ ಸೊಸೆಯ ಮುಖ ಒರೆಸಿದರು, ಬಿಸಿ ಜೋಳದ ಭಕ್ರಿ ಬಡಿದು ಹಾಕಿದರು.

ಟೇಪು ಮರುದಿನವೂ ಪ್ರಸಾರವಾಯಿತು, ಅದರ ಮರುದಿನವೂ ಆಯಿತು. ಜಿಲ್ಲಾಧಿಕಾರಿಗಳು ಪ್ರತಿದಿನ ಬೆಳಿಗ್ಗೆ ಸೇತುವೆಯನ್ನು ಉದ್ಘಾಟಿಸತೊಡಗಿದರು. ಕೇಳುಗರಿಂದ ಪತ್ರಗಳು ಬಂದವು. ಆಡಳಿತ ಈಗ ಎಷ್ಟು ಚುರುಕಾಗಿದೆ ಎಂದು ಒಬ್ಬರು ಮೆಚ್ಚಿದ್ದರು. ಜೂನ್ ತಿಂಗಳಲ್ಲಿ ಕಾಚಿಗುಡದಿಂದ ಒಬ್ಬರು, "ನಿನ್ನೆ ಮಳೆ ಬಂತು, ಆದರೆ ಬರುವುದಿಲ್ಲ ಎಂದು ನೀವು ಬಹಳ ಸ್ಪಷ್ಟವಾಗಿ ಹೇಳಿದಿರಿ" ಎಂದು ಬರೆದಿದ್ದರು. ಸುಹಾಸಿನಿ ದಿನವೂ ಮೇಲ್ವಿಚಾರಣಾ ಪುಸ್ತಕದಲ್ಲಿ 'ಸೇತುವೆಯ ಬಳಿ ಉಸಿರು' ಎಂದು ಬರೆದು, ತಿದ್ದಿಕೊಳ್ಳಲು ಅಭ್ಯರ್ಥಿ ಸಂಖ್ಯೆ ಏಳಕ್ಕೆ ಸೂಚನೆ ಕಳಿಸುತ್ತಿದ್ದರು. ಉತ್ತರ ಬರುತ್ತಿರಲಿಲ್ಲ.

ಜುಲೈಯಲ್ಲಿ ಒಂದು ಕಾರ್ಡು ಬಂತು. ಬರಹ ಶಾಮಲಾ ಅವರದು, ಕೆಳಗೆ ಹೆಬ್ಬೆಟ್ಟಿನ ಗುರುತು. "ಏಳನೇ ನಂಬರಿನ ಬಾಯಿಯವರ ದನಿ ಭಾಳ ಛಲೋ ಅದ. ಅವರ ಹೆಸರೇನು, ದಯಮಾಡಿ ತಿಳಿಸಬೇಕು. ಇಂತಿ, ಸುಂದರಾಬಾಯಿ, ಕೂಕಟ್‌ಪಲ್ಲಿ."

ಕನ್ನಡ ಪತ್ರಕ್ಕೆ ಕನ್ನಡದಲ್ಲಿ ಉತ್ತರ ಬರೆಯುವುದು ಪೂರ್ಣಾವಧಿಯವರ ಕೆಲಸ. ಸುಹಾಸಿನಿ ಕಾರ್ಡನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದಿದ್ದರು. ಆಮೇಲೆ ನಿಲಯದ ಮುದ್ರೆಯಿದ್ದ ಹಾಳೆ ತೆಗೆದು, ಒಳ್ಳೆಯ ಪೆನ್ನಿನಿಂದ, ಕಾಪಿಪುಸ್ತಕದ ಅಕ್ಷರದಲ್ಲಿ ಬರೆದರು:

"ಮಾನ್ಯರೆ, ತಮ್ಮ ಪತ್ರ ತಲುಪಿದೆ. ಸದರಿ ಉದ್ಘೋಷಕರ ಹೆಸರನ್ನು ತಿಳಿಸಲು ನಿಯಮಗಳಲ್ಲಿ ಅವಕಾಶವಿರುವುದಿಲ್ಲ. ಇಂತಿ ತಮ್ಮ ವಿಶ್ವಾಸಿ, ಸುಹಾಸಿನಿ ಗುರುರಾಜ, ಪೂರ್ಣಾವಧಿ ಅಧಿಕಾರಿ, ಕನ್ನಡ ವಿಭಾಗ."

ಉತ್ತರ ಅಂಚೆಯಲ್ಲಿ ಒಂಬತ್ತು ದಿನಕ್ಕೆ ಮನೆ ತಲುಪಿತು. ಆ ಒಂಬತ್ತೂ ದಿನ ಅತ್ತೆ ಸೊಸೆ ಒಂದೇ ಒಲೆಯ ಮುಂದೆ ಕೂತು ಊಟ ಮಾಡಿದರು, ಈ ವಿಷಯ ಯಾರೂ ಎತ್ತಲಿಲ್ಲ. ಪತ್ರ ಬಂದ ದಿನವೇ ಸುಂದರಾಬಾಯಿ ಅದಕ್ಕೆ ಕಟ್ಟು ಹಾಕಿಸಿ, ಪಡಸಾಲೆಯಲ್ಲಿ ರೇಡಿಯೋದ ಮೇಲ್ಗಡೆ ತೂಗುಹಾಕಿದರು. ಮರುದಿನ ಬೆಳಿಗ್ಗೆ ಮಂಡಳಿಯವರೆಲ್ಲ ಬಂದು ನೋಡಿದರು. ಶಾಮಲಾ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು. ಹೆಸರು ಹೇಳಲು ಬರುವುದಿಲ್ಲವೆಂದು ಇಷ್ಟು ಚೆಂದವಾಗಿ ಬರೆದವರ ಹೆಸರು ಎಲ್ಲರಿಗೂ ಕಾಣುವಂತಿದೆ ಎಂದು ಎಲ್ಲರೂ ಒಪ್ಪಿದರು.

ಅಷ್ಟರಲ್ಲಿ ಹನ್ನೊಂದು ಹೊಡೆಯಿತು. ಹೊರಗೆ ಧೋ ಎಂದು ಮಳೆ ಸುರಿಯುತ್ತಿತ್ತು.

"ಸುಮ್ಮನಿರ್ರಿ, ನಮ್ಮ ಏಳನೇ ನಂಬರ್ ಬಂದ್ಲು," ಎಂದರು ಸುಂದರಾಬಾಯಿ. ಮಳೆಯ ಸಂಭವವಿಲ್ಲ ಎಂಬುದನ್ನು ನಿಂತು ಪೂರ್ತಿ ಕೇಳಿ, ಸಂಡಿಗೆಯ ತಾಟು ತೆಗೆದುಕೊಂಡು ಒಣಹಾಕಲು ಮಾಳಿಗೆಗೆ ಹೋದರು.