ಸೋಫಾದ ನಡುವಿನ ಸೀಟು ಮತ್ತು ನಮ್ಮ ಆನ್‌ಲೈನ್ ಟಿಕೆಟ್

ನಾನು ನಿಂತಿದ್ದದ್ದು ದಾಂಡೇಲಿಯ ನಮ್ಮ ನಾಟಕ ಸಂಘದ ರಂಗಮಂದಿರದ ಎಡಬಾಗಿಲಲ್ಲಿ, ಕುಡಿಯುವ ನೀರಿನ ಡ್ರಮ್ಮಿಗೂ ಬಾಗಿಲ ಚೌಕಟ್ಟಿಗೂ ನಡುವೆ ಒಬ್ಬ ಮನುಷ್ಯ ಹಿಡಿಸುವಷ್ಟು ಜಾಗದಲ್ಲಿ. ಶನಿವಾರ ಸಂಜೆ, ಏಳಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಎರಡು ಸಾವಿರದ ಇಸವಿ ದಾಟಿ ನಾಲ್ಕು ವರ್ಷವೋ ಐದೋ ಆಗಿತ್ತು. ಅದೊಂದು ನನಗೆ ಖಚಿತವಿಲ್ಲ. ಖಚಿತವಿಲ್ಲದ್ದನ್ನು ಖಚಿತವೆಂದು ಹೇಳುವ ಚಟ ನನಗಿಲ್ಲ. ಆ ಚಟ ಇದ್ದವರು ನಮ್ಮ ಸಂಘದಲ್ಲಿ ಬೇಕಾದಷ್ಟು ಜನ. ಆ ಸಂಜೆ ಮುಖ್ಯ ಅತಿಥಿಗಳು ಬಡ ಹೆಣ್ಣುಮಗಳೊಬ್ಬಳಿಗೆ ತಮ್ಮ ಸೋಫಾದಲ್ಲಿ ಜಾಗ ಕೊಟ್ಟು ಸರಳತೆ ಮೆರೆದರೆಂದು ನಮ್ಮ ಸ್ಮರಣ ಸಂಚಿಕೆ ಹೇಳುತ್ತದೆ. ಜಾಗ ಕೊಟ್ಟವರು ಯಾರು, ಪಡೆದವರು ಯಾರು ಎಂಬುದನ್ನು ಕಣ್ಣಾರೆ ಕಂಡವನು ನಾನು. ಆ ಸಂಜೆಯ ಅಂಜಿಕೆ ಈಗಲೂ ಪೂರ್ತಿ ಹೋಗಿಲ್ಲ. ಯಾರ ಮನೆಗೆ ಹೋದರೂ ಸೋಫಾ ಬಿಟ್ಟು ಪ್ಲಾಸ್ಟಿಕ್ ಕುರ್ಚಿ ಕೇಳಿ ಕೂರುತ್ತೇನೆ.

ಎಲ್ಲ ಶುರುವಾದದ್ದು ನಮ್ಮ ಅಧ್ಯಕ್ಷರಾದ ಪಾಟೀಲರು ಹುಬ್ಬಳ್ಳಿಗೆ ಹೋಗಿ ಬಂದದ್ದರಿಂದ. ಅಲ್ಲಿ ಅವರ ಬೀಗರು ಮನೆಯಲ್ಲೇ ಕೂತು ಕಂಪ್ಯೂಟರಿನಿಂದ ರೈಲಿನ ಟಿಕೆಟ್ ತೆಗೆದರಂತೆ. "ನಾವೂ ಇನ್ನ ನಾಟಕದ ಟಿಕೀಟ ಆನ್‌ಲೈನ್ ಮಾಡೂಣು" ಅಂದರು. ಅಲ್ಲಿಯವರೆಗೆ ನಮ್ಮ ಟಿಕೆಟ್ ಮಾರುತ್ತಿದ್ದದ್ದು ಎದುರಿನ ಪಾನ್ ಅಂಗಡಿಯಲ್ಲಿ. ಎಲೆ ಅಡಿಕೆ ಕೊಂಡವರಿಗೆ ಅಂಗಡಿಯವನೇ ನಾಟಕ ಹೇಗಿದೆ ಎಂದು ಹೇಳಿ ಟಿಕೆಟ್ ಹರಿದು ಕೊಡುತ್ತಿದ್ದ. ಸಂಘದ ಕಾರ್ಯದರ್ಶಿಯಾದ ನಾನು ಒಂದೇ ಒಂದು ಸಂಶಯ ಮುಂದಿಟ್ಟೆ. ನಮ್ಮಲ್ಲಿ ಮನೆಯಲ್ಲಿ ಕಂಪ್ಯೂಟರ್ ಇದ್ದವರೆಲ್ಲ ಸಾಹೇಬರು, ಡಾಕ್ಟರರು, ಅಂಬಿಕಾನಗರದ ಇಂಜಿನಿಯರರು. ಅವರ್‍ಯಾರೂ ಹುಟ್ಟಿದಾಗಿನಿಂದ ಟಿಕೆಟ್ ಕೊಂಡವರಲ್ಲ, ಅವರಿಗೆಲ್ಲ ಪಾಸು. ಟಿಕೆಟ್ ಕೊಳ್ಳುವವರು ಕಾಗದದ ಕಾರ್ಖಾನೆಯ ಕೆಲಸಗಾರರು. ಅವರಿಗೆ ಕಂಪ್ಯೂಟರ್ ಇಲ್ಲ. "ಹಂಗಾದ್ರ ಆನ್‌ಲೈನ್ ಯಾರಿಗ್ರಿ?" ಎಂದು ಕೇಳಿದೆ. ಪಾಟೀಲರು ನನ್ನನ್ನು ಕನಿಕರದಿಂದ ನೋಡಿ, "ಜಗತ್ತಿಗೆ" ಅಂದರು. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ.

ಜಗತ್ತಿನ ಬಾಗಿಲು ತೆರೆಯುವ ಕೆಲಸ ಬಸ್ ನಿಲ್ದಾಣದ ಹತ್ತಿರ ಸೈಬರ್ ಇಟ್ಟಿದ್ದ ಇಮ್ತಿಯಾಜನಿಗೆ ಬಂತು. ಜಾಣ ಹುಡುಗ. ಆದರೆ ಅವನ ಇಂಟರ್ನೆಟ್ ಟೆಲಿಫೋನ್ ತಂತಿಯಲ್ಲಿ ಬರುತ್ತಿತ್ತು. ಅವನ ಅತ್ತೆಮನೆಯಿಂದ ಫೋನ್ ಬಂದರೆ ಜಗತ್ತು ಹೊರಗೆ ಕಾಯಬೇಕು. ಮತ್ತೆ ಕರೆಂಟು. ಸೂಪಾದಲ್ಲಿ ಅಣೆಕಟ್ಟು ಕಟ್ಟಿ, ನಮ್ಮ ಕಾಳಿ ನದಿಯಿಂದ ನಾಡಿಗೆಲ್ಲ ಬೆಳಕು ಕಳಿಸುತ್ತಾರೆ. ಕಳಿಸಿದ ಮೇಲೆ ನಮಗೆ ಉಳಿಯುವುದು ಮೇಣಬತ್ತಿ. ಇವೆಲ್ಲ ದಾಟಿದ ಮೇಲೂ ದುಡ್ಡು ಕಟ್ಟುವ ದಾರಿ ಇರಲಿಲ್ಲ, ಏಕೆಂದರೆ ಅದಕ್ಕೆ ಬೇಕಾದ ಕಾರ್ಡು ಊರಲ್ಲಿ ಯಾರ ಹತ್ತಿರವೂ ಇರಲಿಲ್ಲ. ಕಡೆಗೆ ಹೀಗೆ ತೀರ್ಮಾನವಾಯಿತು: ಆನ್‌ಲೈನ್ ಟಿಕೆಟ್ ಬೇಕಾದವರು ಪಾನ್ ಅಂಗಡಿಯನ್ನು ದಾಟಿ, ಬಸ್ ನಿಲ್ದಾಣದವರೆಗೆ ನಡೆದು, ಇಮ್ತಿಯಾಜನ ಕೈಗೆ ನಗದು ಕೊಡತಕ್ಕದ್ದು. ಅವನು ಅವರ ಪರವಾಗಿ ಆನ್‌ಲೈನ್ ಆಗುತ್ತಾನೆ. ಇದನ್ನು ಪಾಟೀಲರು "ಮನೆಬಾಗಿಲಿಗೇ ಟಿಕೆಟ್" ಎಂದು ಕರಪತ್ರದಲ್ಲಿ ಹಾಕಿಸಿದರು.

ರಂಗಮಂದಿರದ ನಕ್ಷೆ ಬರೆದು ಕೊಟ್ಟವನು ನಾನು. ಪ್ರತಿ ಕುರ್ಚಿಗೂ ಒಂದು ಚೌಕ, ಮುಂದಿನ ಸಾಲಿನ ಕೆಂಪು ರೆಕ್ಸಿನ್ ಸೋಫಾಕ್ಕೆ ಮೂರು ಚೌಕ. ಸೋಫಾ ಮಾರುವುದಲ್ಲ ಎಂದು ಬರೆಯಲಿಲ್ಲ. ಊಟದ ಎಲೆಯನ್ನು ತಿನ್ನಬಾರದು ಎಂದು ಯಾರಾದರೂ ಬರೆದಿಡುತ್ತಾರೆಯೇ? ಆ ಸೋಫಾದಲ್ಲಿ ಮುಖ್ಯ ಅತಿಥಿ, ಅವರ ಮಡದಿ, ನಡುವೆ ಅಥವಾ ಪಕ್ಕದಲ್ಲಿ ಪಾಟೀಲರು. ಇದು ಊರಿನ ನಾಯಿಗೂ ಗೊತ್ತಿತ್ತು. ಕಂಪ್ಯೂಟರಿಗೆ ಗೊತ್ತಿರಲಿಲ್ಲ.

ಇನ್ನು ನೀಲವ್ವ. ಅವಳ ಗಂಡ ಬಸಪ್ಪ ಕಾರ್ಖಾನೆಯ ಬಾಯ್ಲರ್ ವಿಭಾಗದವನು, ಬೆಳಗಾವಿ ಕಡೆಯವನು. ನಮ್ಮ ನಾಟಕಗಳಿಗೆಲ್ಲ ಅವನೇ ಕಾಯಂ ರಾಜ. ಪಾತ್ರಧಾರಿಗಳ ಮನೆಯವರಿಗೆ ನಾವು ಉದಾರವಾಗಿ ಪುಕ್ಕಟೆ ಜಾಗ ಕೊಡುತ್ತಿದ್ದೆವು, ಕಟ್ಟಕಡೆಯ ಬೆಂಚಿನಲ್ಲಿ, ಕಂಬದ ಹಿಂದೆ. ನೀಲವ್ವ ಸೈಬರಿನ ಪಕ್ಕದ ಖಾನಾವಳಿಗೆ ರೊಟ್ಟಿ ಮಾಡಿ ಕೊಡುತ್ತಿದ್ದಳು. ಗಿರಾಕಿಯ ಮುಖವನ್ನೇ ಕಾಣದೆ ಕೂತಿದ್ದ ಇಮ್ತಿಯಾಜ ಅವಳನ್ನು ಒಳಗೆ ಕರೆದು, "ಎಲ್ಲಿ ಬೇಕ್ ಹೇಳ್ರಿ ನೀಲವ್ವಾ, ಎಲ್ಲಾ ಖಾಲಿ ಅದಾವ" ಎಂದು ಪರದೆ ತೋರಿಸಿದನಂತೆ. ಅವಳು ಮುಂದಿನ ಸಾಲಿನ ನಟ್ಟನಡುವಿನ ಚೌಕದ ಮೇಲೆ ಬೆರಳಿಟ್ಟಳು.

ಹೀಗಾಗಿ ಆ ಶನಿವಾರ ನಾನು ಡ್ರಮ್ಮಿನ ಪಕ್ಕದಿಂದ ಕಂಡದ್ದು, ಸೋಫಾದ ನಡುವೆ ಇಳಕಲ್ ಸೀರೆ ಉಟ್ಟು, ತೊಡೆಯ ಮೇಲೆ ಶೇಂಗಾದ ಡಬ್ಬಿ ಇಟ್ಟುಕೊಂಡು ಕೂತ ನೀಲವ್ವನನ್ನು. ಹೋಗಿ ಕೈ ಮುಗಿದೆ.

"ಅಕ್ಕಾರ, ಇಲ್ಲಿ ಸಾಹೇಬ್ರು ಕುಂಡ್ರತಾರ್ರಿ."

"ಕುಂಡ್ರಲೇಳ್ರಿ. ಈ ಕಡೆ ಒಬ್ರು, ಆ ಕಡೆ ಒಬ್ರು. ನಾ ಎಲ್ಲಿ ಬ್ಯಾಡಂದೆ?"

"ಹಂಗಲ್ಲರಿ, ಇದು ಮಾರೂ ಸೀಟ ಅಲ್ಲ."

"ಮಾರೂದಲ್ಲಂದ್ರ ನನಗ್ಯಾಕ ಮಾರಿದ್ರಿ?" ಎಂದು ಚೀಟಿ ಬಿಡಿಸಿ ತೋರಿಸಿದಳು. ಆಮೇಲೆ ದನಿ ತಗ್ಗಿಸಿ, "ನೋಡ್ರಿ ಅಣ್ಣಾರ, ಇಷ್ಟ ವರ್ಷ ಅವರು ರಾಜಾ ಆಗ್ಯಾರ, ನಾ ಕಂಬಾ ನೋಡೇನಿ. ದನಿ ಕೇಳತಿತ್ತು, ಮಾರಿ ಕಾಣ್ತಿರಲಿಲ್ಲ. ಬರೂ ತಿಂಗಳ ರಿಟೈರ್ ಆಗ್ತಾರ, ಊರಿಗೆ ಹೋಗೂದ. ಅಲ್ಲಿ ಹೊಲದಾಗ ಯಾವ ಕಿರೀಟಾ ಹಾಕ್ಕೊಂತಾರ?" ಅಂದಳು.

ಅಷ್ಟರಲ್ಲಿ ಪಾಟೀಲರು ಬಂದರು. "ಏ ಯವ್ವಾ, ಏಳ. ಮರ್ಯಾದಿ ಪ್ರಶ್ನೆ ಐತಿ."

"ಯಾರ ಮರ್ಯಾದಿರಿ ಪಾಟೀಲ್ರ, ನಿಮ್ಮದೋ ನಂದೋ?"

ಪಾಟೀಲರು ನನ್ನ ಕಡೆ ತಿರುಗಿದರು. ನಾನು ನಾಟಕ ನೋಡಲು ಬಂದಿದ್ದ ಇಮ್ತಿಯಾಜನ ಕಡೆ ತಿರುಗಿದೆ. ಇಮ್ತಿಯಾಜ, "ನಕ್ಷಾ ನೀವಽ ಕೊಟ್ರಲ್ಲಾ ಸರ್" ಎಂದು ಗೋಡೆಯ ಕಡೆ ತಿರುಗಿದ. ಮುಖ್ಯ ಅತಿಥಿ ಸಾಹೇಬರ ಜೀಪು ಬಂದ ಸದ್ದು ಕೇಳಿಸಿದ್ದು ಆಗಲೇ. ನಾನು ಡ್ರಮ್ಮಿನ ಪಕ್ಕಕ್ಕೆ ಮರಳಿದೆ. ಸಾಕ್ಷಿಯಾದವನಿಗೆ ಸ್ವಲ್ಪ ದೂರದಲ್ಲಿ ನಿಂತರೇ ಚೆನ್ನಾಗಿ ಕಾಣುತ್ತದೆ.

ಸಾಹೇಬರು ಮಡದಿಯೊಂದಿಗೆ ಸೋಫಾದ ಮುಂದೆ ಬಂದು ನಿಂತರು. ನೀಲವ್ವ ತಲೆ ಎತ್ತಿ, "ನಿಮ್ಮ ನಂಬರ್ ಎಷ್ಟ್ರಿ ಸಾಹೇಬ್ರ?" ಎಂದು ಕೇಳಿದಳು, ಕುಹಕವಿಲ್ಲದೆ, ಬಸ್ಸಿನಲ್ಲಿ ಕೇಳುವ ಹಾಗೆ. ಸಾಹೇಬರು ತಮ್ಮ ಪಾಸನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಅದರಲ್ಲಿ ಬಂಗಾರದ ಅಂಚಿತ್ತು, ಗಣಪತಿಯಿದ್ದ, ಪಾಟೀಲರ ಸಹಿಯಿತ್ತು. ನಂಬರು ಮಾತ್ರ ಇರಲಿಲ್ಲ. ಪಾಟೀಲರು "ಸಾಹೇಬ್ರ, ಒಂದ ನಿಮಿಷ..." ಎನ್ನುವುದರೊಳಗೆ ಸಾಹೇಬರ ಮಡದಿ ನೀಲವ್ವನ ಬಲಕ್ಕೆ ಕೂತುಬಿಟ್ಟರು. ಘಟ್ಟದ ರಸ್ತೆಯಲ್ಲಿ ಬಂದು ಅವರಿಗೆ ಸೊಂಟ ಹಿಡಿದಿತ್ತು. ಮಡದಿ ಕೂತಮೇಲೆ ಸಾಹೇಬರು ಎಡಕ್ಕೆ ಕೂತರು. ಸರಳತೆ ಮೆರೆದದ್ದು ಇಷ್ಟು. ಪಾಟೀಲರು, ಒಳಗೆ ಬಹಳ ಕೆಲಸವಿದೆಯೆಂದು ಹೇಳಿ ರಂಗದ ಹಿಂದೆ ಹೋದರು.

ಪರದೆ ಸರಿಯಿತು. ಬಸಪ್ಪ ಕಿರೀಟ ಹೊತ್ತು, ಕತ್ತಿ ಹಿಡಿದು, ಗಂಭೀರವಾಗಿ ನಡೆದು ಬಂದು ಸಭೆಯನ್ನು ನೋಡಿದ. ನೋಡಿದವನು ನಿಂತೇ ಬಿಟ್ಟ. ಹೆಂಡತಿ, ಅವಳ ಎಡಕ್ಕೆ ಸಾಹೇಬರು, ಬಲಕ್ಕೆ ಅವರ ಮಡದಿ, ಮೂವರ ಕೈಯಲ್ಲೂ ಶೇಂಗಾ. ಪರದೆಯ ಹಿಂದಿನಿಂದ ನಾಟಕದ ಮಾಸ್ತರು ಮಾತು ಹೇಳಿಕೊಟ್ಟರು, ಅವನಿಗೆ ಕೇಳಿಸಲಿಲ್ಲ. ಇನ್ನೂ ಜೋರಾಗಿ ಹೇಳಿಕೊಟ್ಟರು. ನಮಗೆಲ್ಲ ಕೇಳಿಸಿತು, ಅವನಿಗಿಲ್ಲ. ಸಭೆ ಗುಸುಗುಸು ಶುರುಮಾಡಿತು. ಅವನ ಕೊನೆಯ ನಾಟಕ ಮೊದಲ ಮಾತಿಗೇ ಮುಗಿಯಿತೆಂದುಕೊಂಡೆ.

ನೀಲವ್ವ ಸೋಫಾದಿಂದ ಮುಂದಕ್ಕೆ ಬಾಗಿದಳು. "ನಾನಽ ರೀ. ಹೂಂ, ಹೇಳ್ರಿ," ಅಂದಳು. "ಇಲ್ಲಿಂದ ಎಲ್ಲಾ ಕಾಣಸ್ತೈತಿ."

ಸಭೆ ನಕ್ಕಿತು. ಬಸಪ್ಪನೂ ನಕ್ಕ. ನಾಟಕದಲ್ಲಿ ರಾಜ ನಗಬೇಕಾದ ಜಾಗ ಅದಾಗಿರಲಿಲ್ಲ. ಆಮೇಲೆ ಅವನು ಆಡಿದ ಆಟವನ್ನು ನಾನು ಮತ್ತೆ ಕಂಡಿಲ್ಲ. ಒಂದೊಂದು ಮಾತನ್ನೂ ಸೋಫಾದ ನಡುವಿಗೇ ಹೇಳಿದ. ಸಾಹೇಬರು ಪ್ರತಿ ಮಾತಿಗೂ ತಮಗೇ ಹೇಳಿದನೆಂದುಕೊಂಡು ತಲೆದೂಗಿದರು.

ಸ್ಮರಣ ಸಂಚಿಕೆ ಆ ವರ್ಷದ ಆನ್‌ಲೈನ್ ಮಾರಾಟ ಅಭೂತಪೂರ್ವವೆಂದು ಬರೆಯಿತು. ನಿಜವೇ. ನೀಲವ್ವನ ಚೀಟಿಗೆ ಮೊದಲು ಒಂದೂ ಮಾರಿರಲಿಲ್ಲ, ಆಮೇಲೂ ಮಾರಲಿಲ್ಲ.

ಇದನ್ನು ಕಂಡವರಲ್ಲಿ ಪಾಟೀಲರು ಈಗಿಲ್ಲ. ಸಾಹೇಬರಿಗೆ ಎಲ್ಲಿಗೋ ವರ್ಗವಾಯಿತು, ಇದ್ದಾರೋ ಇಲ್ಲವೋ ನಾನು ಹೇಳಲಾರೆ. ಇಮ್ತಿಯಾಜ ಹಳಿಯಾಳದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ, ಕೇಳಬಹುದು. ಬಸಪ್ಪ ತನ್ನ ಊರಲ್ಲಿದ್ದಾನೆ. ನೀಲವ್ವ ಇದ್ದಾಳೆ, ಹೋದ ವರ್ಷ ಧಾರವಾಡದ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದಳು. ನನ್ನ ಸಾಕ್ಷ್ಯಕ್ಕೆ ಬಲ ಬರಲೆಂದು ಎಲ್ಲವನ್ನೂ ಕೇಳಿದೆ. ಸೋಫಾದ ಬಣ್ಣ, ಸಾಹೇಬರ ಪಾಸು, ಅವರ ಮಡದಿ ಕೇಳಿ ಕೇಳಿ ತಿಂದ ಶೇಂಗಾ, ಬಸಪ್ಪನ ನಗು, ಒಂದನ್ನೂ ಬಿಡದೆ ಹೇಳಿದಳು. ನಾನು ಕಂಡದ್ದಕ್ಕೂ ಅವಳು ಹೇಳಿದ್ದಕ್ಕೂ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ಬಸ್ಸು ಬಂತು. ಚೀಲ ಎತ್ತಿಕೊಂಡು ಮೆಟ್ಟಿಲ ಮೇಲೆ ಕಾಲಿಟ್ಟವಳು ತಿರುಗಿ ಕೇಳಿದಳು: "ಅಂದಂಗ ಅಣ್ಣಾರ, ಆವತ್ತ ನೀವು ಊರಾಗ ಇರಲಿಲ್ಲೇನ್ರಿ?"