ಜಗಲಿಗೆ ಬಂದ ಸ್ವಾಯತ್ತತೆ

ಇಪ್ಪತ್ತೊಂಬತ್ತು ವಿಷಯಗಳ ಅಧಿಕಾರವನ್ನು ಪಂಚಾಯ್ತಿಗಳಿಗೆ ಹಂಚುವ ಕಡತಕ್ಕೆ ದಾರ ಕಟ್ಟುವ ಗುಮಾಸ್ತ ನಾನು. ಮನೆಯಲ್ಲಿ ನನಗಿದ್ದ ಅಧಿಕಾರ ಸೊನ್ನೆ. (ಪೇಪರನ್ನು ಮೊದಲು ಓದುವ ಹಕ್ಕೊಂದಿತ್ತು, ಮದುವೆಯಾದ ಮೇಲೆ ಅದು ರಂಜನಿಗೆ ಹೋಯಿತು.)

ತೊಂಬತ್ನಾಲ್ಕರ ಡಿಸೆಂಬರು. ಹಾಸನದ ಚಳಿಯಲ್ಲಿ ಎದ್ದು, ಏಳಕ್ಕೆ ಅರಕಲಗೂಡಿನ ಬಸ್ಸು ಹಿಡಿಯುವವನಿಗೆ ಹಾಸಿಗೆ ಬಿಟ್ಟ ಕೂಡಲೇ ಒಂದು ಲೋಟ ಕಾಫಿ ಬೇಡವೇ? ನನ್ನ ತಾಯಿ ಗೋದಮ್ಮನವರ ಆಳ್ವಿಕೆಯಲ್ಲಿ ಸ್ನಾನವಾಗದವರು ಅಡುಗೆಮನೆಯ ಹೊಸಿಲು ದಾಟುವಂತಿಲ್ಲ, ಕಾಫಿಯ ಹೆಸರೆತ್ತುವಂತಿಲ್ಲ. ಅಜ್ಜಿಯ ಕಾಲದಿಂದ ಬಂದ ಮಡಿ.

ಒಂದು ಭಾನುವಾರ ಎರಡು ಪುಟದ ಸಂವಿಧಾನ ರಚಿಸಿ ಅಮ್ಮನ ಮುಂದಿಟ್ಟೆ.

“ಲೋ ಸಂಪತ್ತು, ಏನೋ ಇದು? ಬೇರೆ ಮನೆ ಮಾಡ್ತೀಯೇನೋ?”

“ಛೆ, ಸ್ವಾತಂತ್ರ್ಯ ಅಲ್ಲಮ್ಮ, ವಿಕೇಂದ್ರೀಕರಣ! ಅಡುಗೆಮನೆ, ದೇವರಮನೆ ಕೇಂದ್ರಕ್ಕೆ, ಅಂದ್ರೆ ನಿನಗೆ. ಜಗಲಿ, ಬೆಳಗಿನ ಮೊದಲ ಕಾಫಿ ನನಗೆ. ಜಗಲೀಲಿ ನಿನ್ನ ಮಡಿ ಕಾನೂನು ನಡೆಯಲ್ಲ.”

ಅವರೆಕಾಯಿ ಬಿಡಿಸುತ್ತಿದ್ದ ರಂಜನಿ ತಲೆಯೆತ್ತಿದಳು. “ರೀ, ಈ ಹಕ್ಕು ಜಗಲೀಲಿ ಕೂತೋರಿಗೆಲ್ಲಾನಾ, ನಿಮಗೊಬ್ಬರಿಗೇನಾ?”

“ಎಲ್ಲರಿಗೂ! ಸಮಾನತೆ!” ಎಂದು ಉದಾರವಾಗಿ ಬರೆದುಕೊಂಡೆ.

ಅಮ್ಮ ಕನ್ನಡಕ ಏರಿಸಿದಳು. “ಕೊಟ್ಟಿದ್ದನ್ನ ನಾನು ವಾಪಸ್ ತಗೋಬಹುದೇನೋ?”

ಎಂಥ ಪ್ರಶ್ನೆ! ಘಟಾನುಘಟಿ ವಕೀಲರು ತಲೆ ಕೆಡಿಸಿಕೊಳ್ಳುವ ಪ್ರಶ್ನೆ. ನಾನು ಅಲ್ಲೇ ನಾಲ್ಕನೇ ಕಲಮು ಸೇರಿಸಿದೆ: ‘ಕೊಟ್ಟವರು ಹಿಂಪಡೆಯತಕ್ಕದ್ದಲ್ಲ, ಪಡೆದವರು ಹಿಂದಿರುಗಿಸತಕ್ಕದ್ದಲ್ಲ.’ (ಎರಡನೆಯ ಅರ್ಧ ಬರೆದದ್ದು ಪ್ರಾಸದ ಆಸೆಗೆ.)

ಅಮ್ಮ ಥಟ್ಟನೆ ಸಹಿ ಹಾಕಿದಳು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಸೋಮವಾರ ಬೆಳಿಗ್ಗೆ ಜಗಲಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತೆ. “ಅಮ್ಮಾ, ಕಾಫಿ!”

“ಅದು ನಿನ್ನ ಪಟ್ಟೀಲಿದ್ಯಲ್ಲೋ! ನಾನು ಕೈ ಹಾಕಿದ್ರೆ ಕಾನೂನುಭಂಗ ಆಗಲ್ವೇ?”

ಕಚೇರಿಯಲ್ಲಿ ಇದನ್ನು ಕೇಳಿದ ಜವಾನ ಮಂಚಯ್ಯ ನಕ್ಕ. “ಅದಿಕಾರ ಬಂದ್ಮೇಲೆ ಕೆಲ್ಸಾನೂ ಬತ್ತದೆ ಕಣ್ ಸಾ. ನಮ್ಮೂರ್ ಪಂಚಾಯ್ತಿಗೆ ನಲ್ಲಿ ಕೊಟ್ರು, ರಿಪೇರಿನೂ ನಿಮ್ದೇ ಅಂದ್ಬುಟ್ರು.”

ನಾನು ಸೋಲಲಿಲ್ಲ. ಸಂಜೆಯೇ ಪಂಪು ಹೊಡೆಯುವ ಸೀಮೆಎಣ್ಣೆ ಸ್ಟೌ, ಪುಟ್ಟ ಫಿಲ್ಟರು ಕೊಂಡು ತಂದೆ. ಮಂಗಳವಾರ ಐದೂವರೆಗೇ ಎದ್ದು ಸ್ಟೌ ಜೊತೆ ಯುದ್ಧ ಹೂಡಿದೆ. ಅದು ಭಗ್ಗೆಂದು ನನ್ನ ಮುಖಕ್ಕೆ ಮಸಿ ಬಳಿದು, ಆಮೇಲೆ ಶರಣಾಯಿತು. ಹಾಲಿನವನು ಜಗಲಿಗೇ ತಂದ ಹಾಲು ಉಕ್ಕಿತು. ಲೋಟದ ತುಂಬ ನೊರೆ ನೊರೆ ಕಾಫಿ! ಸ್ನಾನವಿಲ್ಲದ, ಸ್ವತಂತ್ರ ಕಾಫಿ! ಬಾಯಿಗೆ ತಂದೆ. ಗಬ್ಬೆಂದು ಸೀಮೆಎಣ್ಣೆ ವಾಸನೆ. ಕಾಫಿಯದ್ದಲ್ಲ, ನನ್ನ ಬೆರಳಿನದ್ದು, ಮೀಸೆಯದ್ದು. ಸೋಪು ಹಚ್ಚಿ ತಲೆಗೇ ನೀರು ಹುಯ್ದುಕೊಳ್ಳದೆ ಬೇರೆ ದಾರಿಯಿರಲಿಲ್ಲ.

ನಡುಗುತ್ತ ಹೊರಬಂದರೆ ಜಗಲಿಯಲ್ಲಿ ರಂಜನಿ! ಶಾಲು ಹೊದ್ದು, ಸ್ನಾನವಿರಲಿ, ತಲೆ ಸಹ ಬಾಚದೆ, ನನ್ನ ಲೋಟದ ಕೊನೇ ಗುಟುಕು ಹೀರುತ್ತಿದ್ದಳು. ಮೂರು ವರ್ಷದಿಂದ ದಿನಾ ಐದಕ್ಕೇ ತಣ್ಣೀರು ಹುಯ್ದುಕೊಂಡ ಸೊಸೆ. ಅವಳ ಮುಖದಲ್ಲಿ ಅಂಥ ವಿಜಯದ ಕಳೆಯನ್ನು ನಾನು ಮದುವೆಯ ಫೋಟೋದಲ್ಲೂ ಕಂಡಿಲ್ಲ.

“ಚೆನ್ನಾಗಿದೆ ರೀ. ನಾಳೆ ಸ್ವಲ್ಪ ಸ್ಟ್ರಾಂಗಾಗಿರ್ಲಿ.”

“ಅಮ್ಮಾ, ಈ ಅಧಿಕಾರ ನೀನೇ ವಾಪಸ್ ತಗೊಂಡ್ಬಿಡು!”

“ನಾಲ್ಕನೇ ಕಲಮು!” ಎಂದರು ಅತ್ತೆ ಸೊಸೆ ಒಂದೇ ಉಸಿರಿಗೆ.

“ಸ್ನಾನ ಆಯ್ತಲ್ಲ, ಒಳಗೆ ಬಾರೋ, ಡಿಕಾಕ್ಷನ್ ಇಳಿದಿದೆ,” ಎಂದಳು ಅಮ್ಮ.

ಹೋದೆ. ಆದರೂ ಗೆದ್ದವನು ನಾನೇ ಎಂಬುದನ್ನು ತಾವು ಗಮನಿಸಬೇಕು. ಮೊದಲು ಅಮ್ಮನ ಅಪ್ಪಣೆಯಿಂದ ಸ್ನಾನ ಮಾಡುತ್ತಿದ್ದೆ. ಈಗ ಯಾರ ಅಪ್ಪಣೆಯೂ ಇಲ್ಲದೆ, ಸ್ವಂತ ಅಧಿಕಾರದಿಂದ, ರಂಜನಿಯ ಕಾಫಿ ಕಾಸಿ ಮುಗಿಸಿ, ದಿನಾ ಅರ್ಧ ಗಂಟೆ ಮುಂಚೆಯೇ ಮಾಡುತ್ತಿದ್ದೇನೆ.