ಮಾವನ ಹೆರಿಗೆ ಪುರಾಣ

ಬಸುರಿಯರಿರುವ ಮನೆಗೆ ನನ್ನ ಸೋದರಮಾವನನ್ನು ಕರೆಯಬಾರದೆಂಬುದು ನಮ್ಮ ಬಂಧುಬಳಗದ ಅಲಿಖಿತ ಕಾನೂನು! ಆತ ಕೆಟ್ಟವನೇ? ಛೆ, ಇರುವೆ ಕಂಡರೂ ದಾಟಿಕೊಂಡು ಹೋಗುವವನು. ಕುಡಿತ, ಜೂಜು? ಅದೂ ಇಲ್ಲ. ಮಾವನಿಗಿರುವುದು ಒಂದೇ ಚಟ. ಭೂಮಿಯ ಮೇಲೆ ಯಾವ ಪ್ರಾಣಿ ಹೇಗೆ ಹೆರುತ್ತದೆ ಎಂಬುದನ್ನು ಕಂಡವರಿಗೆಲ್ಲ ಹೇಳಬೇಕು.

ಮೂವತ್ತು ವರ್ಷ ಸೂಲಿಬೆಲೆ ಸುತ್ತಿನ ಹಳ್ಳಿಗಳಲ್ಲಿ ದನದ ಡಾಕ್ಟರರ ಹಿಂದೆ ಕಾಂಪೌಂಡರಾಗಿ ತಿರುಗಿದವನು. ಅಡ್ಡ ಸಿಕ್ಕಿಕೊಂಡ ಕರುಗಳನ್ನು ಎಳೆದೆಳೆದು ಅವನ ಬಲಗೈ ಎಡಗೈಗಿಂತ ಎರಡಂಗುಲ ಉದ್ದವಾಗಿದೆಯೆಂದು ಅವನ ಹೆಂಡತಿ, ನನ್ನ ಅತ್ತೆ, ಆಣೆ ಮಾಡಿ ಹೇಳುತ್ತಾಳೆ. ನಿವೃತ್ತಿಯಾದ ಮೇಲೆ ಕೈಗೆ ಕೆಲಸವಿಲ್ಲ, ಮೊಬೈಲು ಬಂತು. ಅಲ್ಲಿಂದ ಆನೆ, ಜಿರಾಫೆ, ತಿಮಿಂಗಿಲಗಳೆಲ್ಲ ನಮ್ಮ ಮನೆ ಹೊಕ್ಕವು.

ಒಂದು ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಹೋದವನು ಸಾಲಿನಲ್ಲೇ ಶುರು ಮಾಡಿದನಂತೆ. "ಪಾರಿವಾಳದಲ್ಲಿ ಗಂಡೂ ಹಾಲು ಕೊಡ್ತದೆ, ಗೊತ್ತೇನ್ರಪ್ಪಾ? ಗಂಟಲ ಚೀಲದಲ್ಲಿ ಹಾಲಿನಂಥದ್ದು ಮಾಡಿ ಮರಿಗೆ ಉಣಿಸ್ತದೆ."

ಹಾಲು ಅಳೆಯುತ್ತಿದ್ದವನು ತಲೆಯನ್ನೂ ಎತ್ತದೆ ಕೇಳಿದ. "ಫ್ಯಾಟ್ ಎಷ್ಟು ಬರ್ತದೆ ಯಜಮಾನ್ರೇ?"

ಇಂಥವನನ್ನು ನನ್ನ ಸೀಮಂತಕ್ಕೆ ಕರೆಯದೆ ಇರಲಾದೀತೇ? ತಾಯಿಯ ಒಡಹುಟ್ಟಿದವನು! ಬಂದ. ಹಸೆಮಣೆಯ ಮೇಲೆ ಕೂತು ನಾನು ಸೊಂಟ ನೋವೆಂದು ಗೊಣಗಿದ್ದೇ ತಪ್ಪಾಯಿತು.

"ಏಳು ತಿಂಗ್ಳಿಗೇ ಸುಸ್ತಾದ್ರೆ ಹೆಂಗಮ್ಮ? ಆನೆ ಇಪ್ಪತ್ತೆರಡು ತಿಂಗ್ಳು ಹೊರ್ತದೆ."

"ಹಂಗಾದ್ರೆ ಅದಕ್ಕೆ ಸೀಮಂತ ಎರಡು ಸಲ ಮಾಡ್ತಾರಾ ಮಾವ?" ಎಂದೆ.

ಮಾವ ಸೋಲಲಿಲ್ಲ, ನನ್ನ ಗಂಡನ ಕಡೆ ತಿರುಗಿದ. ಆತ ಸೋಂಪುರದ ಒಂದು ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸದವನು. ಸಮುದ್ರದಲ್ಲಿ ಕಡಲಕುದುರೆ ಎಂಬ ಮೀನಿದೆಯೆಂದೂ, ಅದರಲ್ಲಿ ಗಂಡೇ ಮರಿಗಳನ್ನು ಹೊಟ್ಟೆಯ ಚೀಲದಲ್ಲಿ ಹೊತ್ತು ಹೆರುತ್ತದೆಂದೂ ಅವನಿಗೆ ತಿಳಿಸಲಾಯಿತು.

"ನಮ್ ಫ್ಯಾಕ್ಟ್ರೀಲಿ ಅದಕ್ಕೆಲ್ಲ ರಜ ಕೊಡಲ್ಲ ಮಾವ" ಎಂದ ನನ್ನ ಗಂಡ.

ಒಂಬತ್ತಕ್ಕೆ ಬಿದ್ದ ಮೇಲೆ ನನಗೆ ನಿಜಕ್ಕೂ ಭಯ ಹಿಡಿಯಿತು. ಸಮಾಧಾನ ಹೇಳಲೆಂದೇ ಮಾವ ಎರಡು ಬಸ್ಸು ಬದಲಿಸಿಕೊಂಡು ಬಂದ. "ಜಿರಾಫೆ ನಿಂತ್ಕೊಂಡೇ ಹೆರ್ತದೆ ಮಗಾ. ಮರಿ ಆರಡಿ ಮೇಲಿಂದ ದೊಪ್ಪಂತ ಬೀಳ್ತದೆ. ನೀನು ಮಂಚದ ಮೇಲೆ ತಾನೆ?" ಈ ಸಮಾಧಾನದಿಂದ ನನಗೆ ಎರಡು ದಿನ ಊಟ ಸೇರಲಿಲ್ಲ.

ಹೆಣ್ಣು ಮಗು ಹುಟ್ಟಿತು, ಸಲೀಸಾಗಿಯೇ. ಹುಟ್ಟಿದ ಕೂಸು ತಾಯಿಯ ಮಾತಿನ ಧಾಟಿಯಲ್ಲೇ ಅಳುತ್ತದೆಂದು ಮಾವ ಎಲ್ಲೋ ಓದಿದ್ದ. ತೊಟ್ಟಿಲಿಗೆ ಕಿವಿಯಿಟ್ಟು, "ಅಪ್ಪಟ ಸೂಲಿಬೆಲೆ ಕನ್ನಡ" ಎಂದು ತೀರ್ಪು ಕೊಟ್ಟ. ಮನೆಮಾತು ತೆಲುಗಾದ ನನ್ನ ಗಂಡನ ತಾಯಿ ಬಿಟ್ಟುಕೊಡುವರೇ? "ಕೊನೇಲಿ ಒಂದು ರಾಗ ಎಳೀತು ನೋಡಿ ಅಣ್ಣ, ಅದು ನಮ್ದು" ಎಂದರು.

ನನ್ನ ಅಮ್ಮನಿಗೆ ಮಂಡಿ ನೋವಾದ್ದರಿಂದ ಬಾಣಂತನಕ್ಕೆ ನಿಂತವಳು ಅತ್ತೆ, ಅಂದರೆ ಮಾವನ ಹೆಂಡತಿ. ಎಣ್ಣೆ, ಬಿಸಿನೀರು, ಸಾಂಬ್ರಾಣಿ ಹೊಗೆ, ಎಲ್ಲವೂ ಅವಳದೇ. ಅವಳಿಗೆ ಮಕ್ಕಳಿಲ್ಲ. ಎಂದೋ ಒಂದು ಕೂಸು ಏಳು ತಿಂಗಳಿಗೇ ಹೊಟ್ಟೆಯಲ್ಲೇ ಹೋಯಿತಂತೆ ಎಂಬುದಷ್ಟೇ ನಮಗೆ ಗೊತ್ತಿತ್ತು. ಮನೆಯಲ್ಲಿ ಯಾರೂ ಆ ಮಾತೆತ್ತುತ್ತಿರಲಿಲ್ಲ.

ನಾಮಕರಣದ ದಿನ ಮಗುವನ್ನು ಅತ್ತೆಯೇ ತೊಟ್ಟಿಲಿಗೆ ಹಾಕಿ ಹೆಸರು ಕೂಗಲಿ ಎಂದೆ. ಗಂಡನ ಕಡೆಯ ಅಜ್ಜಿಯೊಬ್ಬರು ಮೆತ್ತಗೆ ಅಂದರು. "ಶಾಸ್ತ್ರ ಅಂತ ಒಂದಿರ್ತದಲ್ಲಮ್ಮ. ಮಕ್ಕಳನ್ನ ಹೆತ್ತ ತಾಯಿ ಯಾರಾದ್ರೂ ಹಾಕ್ಲಿ."

ಮುಂದೆ ಬಂದಿದ್ದ ಅತ್ತೆ ಏನೂ ಆಗದವಳಂತೆ ಅಡುಗೆಮನೆ ಬಾಗಿಲಿಗೆ ಸರಿದಳು. ಆಗ ಎದ್ದು ನಿಂತ ಮಾವ. ಈಗ ಯಾವ ಪ್ರಾಣಿಯೋ ದೇವರೇ ಎಂದು ನನ್ನ ಗಂಡ ತಲೆ ತಗ್ಗಿಸಿದ.

"ಇವಳೂ ತಾಯೀನೇ ಅಜ್ಜಿ" ಎಂದ ಮಾವ. ದನಿ ಎತ್ತರಿಸಲಿಲ್ಲ. "ಮಗು ಹೊಟ್ಟೇಲಿರುವಾಗ ಅದರ ಜೀವಕಣ ತಾಯಿ ರಕ್ತಕ್ಕೆ ಸೇರ್ಕೊಳ್ತವೆ. ಮಗು ಉಳೀದೇ ಹೋದ್ರೂ ಅವು ಎಷ್ಟೋ ವರ್ಷ ತಾಯಿ ಮೈಯಲ್ಲೇ ಉಳ್ಕೊಂಡಿರ್ತವೆ. ಕಂಡುಹಿಡಿದವ್ರೆ. ನಮ್ ಮಗು ಎಲ್ಲೂ ಹೋಗಿಲ್ಲ."

ಎಲ್ಲರಿಗಿಂತ ಮೊದಲು ಬಾಯಿ ಬಿಟ್ಟವಳು ಅತ್ತೆ.

"ಇದನ್ನ ಯಾವಾಗ ಓದಿದ್ರಿ?"

"ನಾಲ್ಕು ವರ್ಷ ಆಯ್ತು."

"ಊರಿಗೆಲ್ಲ ಹೇಳ್ತೀರಿ. ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಅಳ್ತೀಯ ಅನ್ಕೊಂಡೆ."

ಅತ್ತೆ ಅಳಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಬಂದು ನನ್ನ ಮಡಿಲಿನಿಂದ ಮಗುವನ್ನು ಎತ್ತಿಕೊಂಡಳು. ಅಜ್ಜಿ ತೊಟ್ಟಿಲ ಬಳಿಯಿಂದ ಸರಿದು ಜಾಗ ಬಿಟ್ಟರು. "ತಲೆ ಪೂರ್ವಕ್ಕೆ ಬರ್ಲಿ ತಾಯಿ" ಎಂದರು.

ಮಗಳಿಗೆ ನಾವಿಟ್ಟದ್ದು ಎರಡೇ ಅಕ್ಷರದ ಹೆಸರು. ಅತ್ತೆ ತೊಟ್ಟಿಲಿಗೆ ಬಗ್ಗಿ ಮಗುವಿನ ಕಿವಿಯಲ್ಲಿ ಬಹಳ ಹೊತ್ತು ಮಾತಾಡಿದಳು. ಏನು ಹೇಳಿದಳೆಂದು ಯಾರೂ ಕೇಳಲಿಲ್ಲ, ಮಾವನೂ.